ಈರುಳ್ಳಿ, ಮೆಂತ್ಯ ಮತ್ತು ದೊಡ್ಡ ಕರುಳಿನ ಕೆಲಸಗಾರರು

(ಸುವರ್ಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆಯಿಂದ ಬಂದವರು ಇಲ್ಲಿದ್ದೀರಿ. ನಾನು ಓದುವಾಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿನ ಹೋಬಳಿ. ಈಗ ಅದೇ ಒಂದು ತಾಲ್ಲೂಕು. ನನಗೆ ಕೊಟ್ಟಿರುವುದು ಅರ್ಧ ಗಂಟೆ. ಜೀವರಸಾಯನಶಾಸ್ತ್ರದ ಮೇಷ್ಟರಿಗೆ ಅರ್ಧ ಗಂಟೆ ಕೊಟ್ಟರೆ ಅವನು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾನೆ. ಊಟದ ವ್ಯವಸ್ಥೆ ಮಾಡಿರುವವರು ಕ್ಷಮಿಸಬೇಕು.

ಹಳೆಯ ಒಂದು ಪ್ರಯೋಗದಿಂದ ಶುರು ಮಾಡುತ್ತೇನೆ. ಆಗ ನಮ್ಮ ಪ್ರಯೋಗಾಲಯ ಎಂದರೆ ಕೊನೆಯ ಕೊಠಡಿಯಲ್ಲಿದ್ದ ಒಂದು ಬೀರು, ಒಂದು ಸೂಕ್ಷ್ಮದರ್ಶಕ, ಹತ್ತು ಹನ್ನೆರಡು ಬಾಟಲಿ. ಎಂಟನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟರು ಆಲೂಗೆಡ್ಡೆಯ ಹೋಳಿನ ಮೇಲೆ ಅಯೋಡಿನ್ ದ್ರಾವಣ ಹಾಕಿಸಿದರು. ಕಡುನೀಲಿ ಆಯಿತು. ಪಿಷ್ಟ ಇದೆ ಎಂದು ಬರೆದುಕೊಂಡೆವು. ಮುಂದಿನ ವಾರ ಈರುಳ್ಳಿಯ ತೆಳು ಪೊರೆ ಬಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಕೋಶಗಳು ಕಾಣಲಿ ಎಂದು ಅದೇ ಅಯೋಡಿನ್ ಹಾಕಿಸಿದರು. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು ಕಂಡವು. ಆದರೆ ಬಣ್ಣ ಹಳದಿ ಮಿಶ್ರಿತ ಕಂದು. ನೀಲಿ ಇಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಈರುಳ್ಳಿನೂ ಗೆಡ್ಡೇನೇ ಅಲ್ವಾ? ಇದ್ಯಾಕೆ ನೀಲಿ ಆಗ್ಲಿಲ್ಲ?" ಎಂದು ಕೇಳಿದ. ಮೇಷ್ಟರು, "ಅದರಲ್ಲಿ ಪಿಷ್ಟ ಇಲ್ಲ, ಕೂತ್ಕೋ" ಎಂದರು. ಸರಿಯಾದ ಉತ್ತರವೇ. ಪಿಷ್ಟ ಇಲ್ಲದಿದ್ದರೆ ಮತ್ತೇನಿದೆ ಎಂದು ಮಾತ್ರ ನಾವು ಯಾರೂ ಕೇಳಲಿಲ್ಲ. ಮನೆಯಲ್ಲಿ ಮೂರು ಎಕರೆ ಈರುಳ್ಳಿ ಹಾಕುತ್ತಿದ್ದ ನಾನೂ ಕೇಳಲಿಲ್ಲ.

ಈರುಳ್ಳಿ ತನ್ನ ಕೂಡಿಟ್ಟ ಆಹಾರವನ್ನು ಪಿಷ್ಟವಾಗಿ ಇಡುವುದಿಲ್ಲ, ಫ್ರಕ್ಟಾನ್ ಎಂಬ ಬೇರೆ ರೂಪದಲ್ಲಿ ಇಡುತ್ತದೆ. ಎರಡೂ ಕಾರ್ಬೋಹೈಡ್ರೇಟ್‌ಗಳೇ, ಎರಡೂ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರಗಳೇ. ಪಿಷ್ಟದಲ್ಲಿ ಮಣಿ ಗ್ಲೂಕೋಸ್. ಫ್ರಕ್ಟಾನಿನಲ್ಲಿ ಹೆಚ್ಚುಪಾಲು ಫ್ರಕ್ಟೋಸ್. ವ್ಯತ್ಯಾಸ ಇರುವುದು ಮಣಿಗಳನ್ನು ಕಟ್ಟಿದ ಗಂಟಿನಲ್ಲಿ. ಪಿಷ್ಟದ ಗಂಟು ಬಿಚ್ಚುವ ಕಿಣ್ವ ನಮ್ಮ ಎಂಜಲಿನಲ್ಲೇ ಇದೆ, ಮೇದೋಜೀರಕ ಗ್ರಂಥಿಯಲ್ಲೂ ಇದೆ. ಫ್ರಕ್ಟಾನಿನ ಗಂಟು ಬಿಚ್ಚುವ ಕಿಣ್ವ ಮನುಷ್ಯನ ದೇಹದಲ್ಲಿ ಎಲ್ಲೂ ಇಲ್ಲ. ಆದ್ದರಿಂದ ಆಲೂಗೆಡ್ಡೆ ತಿಂದರೆ ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿಯುತ್ತದೆ. ಈರುಳ್ಳಿಯ ಫ್ರಕ್ಟಾನ್ ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಅದಕ್ಕಾಗಿ ಕಾದು ಕೂತಿರುವವರು ಬ್ಯಾಕ್ಟೀರಿಯಾಗಳು.

ಇದನ್ನು ನಾನು ಪುಸ್ತಕದಲ್ಲಿ ಓದಿ, ಮಕ್ಕಳಿಗೆ ಪಾಠ ಮಾಡಿ, ಪರೀಕ್ಷೆಗೆ ಪ್ರಶ್ನೆ ಕೊಟ್ಟು ಎಷ್ಟೋ ವರ್ಷ ಆದ ಮೇಲೆ ನಮ್ಮ ಮನೆಯಲ್ಲಿ ಒಂದು ಘಟನೆ ಆಯಿತು. ಈ ವಿಷಯ ಆರಿಸಿಕೊಂಡಿದ್ದು ಅದೇ ಕಾರಣಕ್ಕೆ.

ನಮ್ಮಪ್ಪನಿಗೆ ಐವತ್ತೈದರ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಹೊಲಕ್ಕೆ ಹೋಗುತ್ತಿದ್ದರು, ಪರವಾಗಿಲ್ಲ ಎನ್ನುವಂತಿತ್ತು. ಒಂದು ಸಲ ಹಬ್ಬಕ್ಕೆ ಊರಿಗೆ ಬಂದಾಗ, ಆಗಷ್ಟೇ ಮೆಂತ್ಯದ ಬಗ್ಗೆ ಓದಿದ್ದ ಹುಮ್ಮಸ್ಸಿನಲ್ಲಿ, ಜಗಲಿಯ ಮೇಲೆ ಕೂತು ಅಪ್ಪನಿಗೆ ಒಂದು ಗಂಟೆ ಪಾಠ ಮಾಡಿದೆ. ಮೆಂತ್ಯದ ಲೋಳೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ, ಅವು ಮಾಡುವ ಆಮ್ಲ, ಸಕ್ಕರೆ ಇಳಿಯುವುದು, ಎಲ್ಲ. ಅಪ್ಪ ತಲೆದೂಗಿದರು. ಅವರು ಕೇಳಿಸಿಕೊಂಡದ್ದು ಒಂದೇ ವಾಕ್ಯ: ಮೆಂತ್ಯದಿಂದ ಸಕ್ಕರೆ ಇಳಿಯುತ್ತೆ ಅಂತ ಓದಿದ ಮಗನೇ ಹೇಳಿದ.

ಅದಾದ ಮೇಲೆ ಸಂತೆಯಲ್ಲಿ ಯಾರೋ ಒಬ್ಬ ಮೆಂತ್ಯ, ನೇರಳೆ ಬೀಜ, ಇನ್ನೂ ಏನೇನೋ ಬೆರೆಸಿದ ಪುಡಿ ಮಾರಿದ. ಅಪ್ಪ ಮಾತ್ರೆ ಬಿಟ್ಟರು. ನನಗೆ ಹೇಳಲಿಲ್ಲ. ಅವ್ವ ಕೇಳಿದರೆ, "ನಿನ್ ಮಗ್ನೇ ಹೇಳಿರೋದು ಕಣೆ, ನಿಂಗೇನ್ ಗೊತ್ತು?" ಎಂದರಂತೆ. ನಾಲ್ಕು ತಿಂಗಳು. ಈರುಳ್ಳಿ ಕೀಳುವಾಗ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಸಕ್ಕರೆ ಹೆಚ್ಚಿದ್ದವರಿಗೆ ಪಾದದ ನರ ಸತ್ತಂತಾಗಿ ನೋವೇ ತಿಳಿಯುವುದಿಲ್ಲ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುವ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು. ತೆಗೆಯಬೇಕಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪ ನನ್ನನ್ನು ಬೈಯಲಿಲ್ಲ. "ನೀನು ಹೇಳಿದ್ದು ಸುಳ್ಳಾ ಹಂಗಾದ್ರೆ?" ಎಂದು ಕೇಳಿದರು.

ಸುಳ್ಳಲ್ಲ. ಪೂರ್ತಿ ಹೇಳಿರಲಿಲ್ಲ. ಅವತ್ತು ಜಗಲಿಯ ಮೇಲೆ ಬಿಟ್ಟುಹೋಗಿದ್ದನ್ನು ಇವತ್ತು ನಿಮ್ಮ ಮುಂದೆ ಹೇಳಲು ನೋಡುತ್ತೇನೆ.

ಅಜ್ಜಂಪುರದವರಿಗೆ ಸುಲಭವಾಗುವ ಉದಾಹರಣೆ ತೆಗೆದುಕೊಳ್ಳೋಣ. ನಮ್ಮಲ್ಲಿ ಅಮೃತ್ ಮಹಲ್ ತಳಿಯ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತ್ ಮಹಲ್. ಕಾವಲಿನ ಒಣಹುಲ್ಲು ಮೇಯ್ದು ಆ ಹೋರಿಗಳಿಗೆ ಅಷ್ಟು ಕಸುವು ಎಲ್ಲಿಂದ ಬರುತ್ತದೆ? ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನಲ್ಲೂ ಇಲ್ಲ. ಅದರ ಮೊದಲ ಹೊಟ್ಟೆ ಒಂದು ದೊಡ್ಡ ಹುದುಗಿನ ಪೀಪಾಯಿ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಪುಟ್ಟ ಆಮ್ಲಗಳನ್ನು ಮಾಡುತ್ತವೆ. ಹಸುವಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಆ ಆಮ್ಲಗಳಿಂದ. ನಮಗೂ ಅಂಥ ಪೀಪಾಯಿ ಇದೆ. ಆದರೆ ನಮ್ಮದು ಚಿಕ್ಕದು, ಕೊನೆಯಲ್ಲಿದೆ, ದೊಡ್ಡ ಕರುಳಿನಲ್ಲಿ. ಅದರಿಂದ ನಮಗೆ ಸಿಗುವ ಶಕ್ತಿ ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು. ಆಮ್ಲಗಳು ಮಾತ್ರ ಅವೇ ಮೂರು.

ಅಲ್ಲಿರುವ ಕೆಲಸಗಾರರಲ್ಲಿ ಒಬ್ಬನ ಹೆಸರು ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್. ಹೆಸರು ಮರೆಯಿರಿ, ಪರೀಕ್ಷೆಗೆ ಬರುವುದಿಲ್ಲ. 2003ರಲ್ಲಿ ಇದರ ಪೂರ್ತಿ ವಂಶವಾಹಿ ಓದಿದಾಗ, ಸಸ್ಯಗಳ ಸಕ್ಕರೆ ಸರಗಳನ್ನು ಕತ್ತರಿಸಲು ಇದೊಂದರಲ್ಲೇ 200ಕ್ಕೂ ಹೆಚ್ಚು ಕಿಣ್ವಗಳ ಸೂಚನೆ ಸಿಕ್ಕಿತು. ಊಟದ ಕಾರ್ಬೋಹೈಡ್ರೇಟ್ ಒಡೆಯಲು ಮನುಷ್ಯನಿಗಿರುವ ಸ್ವಂತ ಕಿಣ್ವಗಳು 20 ಕೂಡ ಇಲ್ಲ. ನಾವು ಉಣ್ಣುವ ಸೊಪ್ಪು, ಕಾಳು, ಬೇರುಗಳ ಮಟ್ಟಿಗೆ ಜಾಣತನ ಇರುವುದು ನಮ್ಮಲ್ಲಲ್ಲ, ಅವುಗಳಲ್ಲಿ. ಎಲ್ಲರ ಕರುಳಿನಲ್ಲೂ ಒಂದೇ ಜನ ಇರುವುದಿಲ್ಲ. ಸುಶಿಗೆ ಸುತ್ತುವ ಸಮುದ್ರಪಾಚಿಯನ್ನು ತಲೆಮಾರುಗಳಿಂದ ತಿನ್ನುವ ಜಪಾನಿನವರ ಕರುಳಿನ ಬ್ಯಾಕ್ಟೀರಿಯಾದಲ್ಲಿ ಆ ಪಾಚಿಯನ್ನು ಒಡೆಯುವ ಕಿಣ್ವದ ವಂಶವಾಹಿ ಸಿಕ್ಕಿದೆ. ಅದು ಕಡಲಿನ ಬ್ಯಾಕ್ಟೀರಿಯಾದಿಂದ ಬಂದದ್ದು ಎಂದು 2010ರಲ್ಲಿ ತೋರಿಸಿದರು. ಉಣ್ಣುವುದಕ್ಕೆ ತಕ್ಕ ಹಾಗೆ ಒಳಗಿನವರು ಬದಲಾಗುತ್ತಾರೆ ಎಂದಾಯಿತು.

ಈಗ ಮೆಂತ್ಯ. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿದರೆ ಬೆಳಿಗ್ಗೆ ಲೋಳೆ ಲೋಳೆ ಆಗಿರುತ್ತದೆ. ಆ ಲೋಳೆ ಗ್ಯಾಲಕ್ಟೋಮ್ಯಾನನ್, ಇನ್ನೊಂದು ಬಗೆಯ ಸಕ್ಕರೆ ಸರ. ಮ್ಯಾನೋಸ್ ಮಣಿಗಳ ಉದ್ದನೆಯ ದಾರಕ್ಕೆ ಗ್ಯಾಲಕ್ಟೋಸ್ ಮಣಿಗಳು ಪಕ್ಕದಲ್ಲಿ ಜೋತುಬಿದ್ದಿರುತ್ತವೆ. ಗೋರಿಕಾಯಿ ಬೀಜದ ಗೋಂದೂ ಇದೇ ಜಾತಿಯದು. ಒಣ ಮೆಂತ್ಯದ ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾರು. ಇದು ಎರಡು ಕಡೆ ಕೆಲಸ ಮಾಡುತ್ತದೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮೊದಲ ಕೆಲಸ ಸಣ್ಣ ಕರುಳಿನಲ್ಲಿ. ಇದರಲ್ಲಿ ಬ್ಯಾಕ್ಟೀರಿಯಾದ ಪಾತ್ರ ಇಲ್ಲ. ಲೋಳೆ ಊಟವನ್ನು ಗಟ್ಟಿ ಗಂಜಿಯ ಹಾಗೆ ಮಾಡುತ್ತದೆ. ಮುದ್ದೆಯ, ಅನ್ನದ ಗ್ಲೂಕೋಸ್ ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನಕ್ಕೆ ಇಳಿಯುತ್ತದೆ. ಮಾಡಗದ ಕೆರೆ ಕಟ್ಟೆ ಒಡೆದು ನೀರು ಬರುವುದಕ್ಕೂ ತೂಬಿನಲ್ಲಿ ಬರುವುದಕ್ಕೂ ಇರುವಷ್ಟು ವ್ಯತ್ಯಾಸ. ನೆನಪಿಡಿ, ಬರುವ ನೀರು ಹೆಚ್ಚುಕಡಿಮೆ ಅಷ್ಟೇ. ಬರುವ ಬಗೆ ಬೇರೆ.

ಎರಡನೆಯದು ಗಂಟೆಗಳ ನಂತರ, ದೊಡ್ಡ ಕರುಳಿನಲ್ಲಿ. ಲೋಳೆಯನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಆಗಲೇ ಹೇಳಿದ ಮೂರು ಆಮ್ಲಗಳನ್ನು ಮಾಡುತ್ತವೆ. ಬ್ಯುಟಿರೇಟ್ ಕರುಳಿನ ಒಳಗೋಡೆಯ ಕೋಶಗಳಿಗೇ ಊಟ. ಆ ಗೋಡೆಯಲ್ಲಿ ಅಲ್ಲಲ್ಲಿ ಎಲ್ ಕೋಶ ಎಂಬವು ಇವೆ. ಆಮ್ಲಗಳು ತಗುಲಿದಾಗ ಅವು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತವೆ. ಅದು ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಬಿಡಲು ಮೇದೋಜೀರಕಕ್ಕೆ ಕುಮ್ಮಕ್ಕು ಕೊಡುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಈಚೆಗೆ ತೂಕ ಇಳಿಸಲೆಂದು ಬಂದಿರುವ ದುಬಾರಿ ಇಂಜೆಕ್ಷನ್ನುಗಳ ಸುದ್ದಿ ಓದಿರುತ್ತೀರಿ. ಅವು ಈ ಹಾರ್ಮೋನನ್ನೇ ಅನುಕರಿಸಿ ಮಾಡಿದವು. ಹಾಗೆಂದು ಮೆಂತ್ಯ ಆ ಇಂಜೆಕ್ಷನ್ನಿಗೆ ಸಮ ಎಂದು ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ನಂಬಬೇಡಿ. ಕರುಳು ಬಿಡುವ ಹಾರ್ಮೋನು ರಕ್ತದಲ್ಲಿ ಎರಡು ನಿಮಿಷ ನಿಲ್ಲುವುದೂ ಕಷ್ಟ. ಇಂಜೆಕ್ಷನ್ನಿನದು ದಿನಗಟ್ಟಲೆ ನಿಲ್ಲುವ ಹಾಗೆ ತಿದ್ದಿದ್ದು.

ಬೆಳಿಗ್ಗೆ ನಾರು, ಕಾಳು ತಿಂದರೆ ಮಧ್ಯಾಹ್ನದ ಊಟದ ಸಕ್ಕರೆ ಕೂಡ ಕಡಿಮೆ ಏರುತ್ತದೆ ಎಂಬುದನ್ನು ಟೊರಾಂಟೊದ ಡೇವಿಡ್ ಜೆಂಕಿನ್ಸ್ 1980ರ ದಶಕದಲ್ಲೇ ತೋರಿಸಿದ್ದರು. ಎರಡನೇ ಊಟದ ಪರಿಣಾಮ ಎನ್ನುತ್ತಾರೆ. ಇದರಲ್ಲಿ ದೊಡ್ಡ ಕರುಳಿನ ಹುದುಗುವಿಕೆಯ ಪಾಲೂ ಇದೆ ಎಂಬುದು ಆಮೇಲೆ ತಿಳಿದದ್ದು. ನಮ್ಮ ಅಜ್ಜಿಯರು ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಬೆಳಿಗ್ಗೆ ಕುಡಿಯುತ್ತಿದ್ದುದಕ್ಕೂ ಇಲ್ಲಿ ಒಂದು ಮಾತು ಸೇರುತ್ತದೆ. ಬೇಯಿಸಿದ ಪಿಷ್ಟ ತಣ್ಣಗಾದಾಗ ಅದರ ಸ್ವಲ್ಪ ಪಾಲು ನಮ್ಮ ಕಿಣ್ವಕ್ಕೆ ಬಗ್ಗದ ಹಾಗೆ ಗಟ್ಟಿಯಾಗುತ್ತದೆ. ಅದು ದೊಡ್ಡ ಕರುಳಿನವರ ಪಾಲಿಗೆ ಹೋಗುತ್ತದೆ. ಸ್ವಲ್ಪ ಪಾಲು ಮಾತ್ರ. ಮುದ್ದೆ ತಿಂದರೆ ಸಕ್ಕರೆ ಏರುವುದೇ ಇಲ್ಲ ಎನ್ನುವುದು ನಮ್ಮ ಬಯಲುಸೀಮೆಯ ಕಡೆಯ ದೊಡ್ಡ ಮೂಢನಂಬಿಕೆ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು ಇರುವುದು ನಿಜ, ಅಕ್ಕಿಗಿಂತ ಎಷ್ಟೋ ಮೇಲು. ಅದರ ಜೊತೆ 67 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಕೂಡ ಇದೆ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ.

ಹಾಗಾದರೆ ಅಪ್ಪ ಮೆಂತ್ಯದ ಪುಡಿ ತಿಂದರೂ ಏಕೆ ಸಕ್ಕರೆ ಇಳಿಯಲಿಲ್ಲ?

ಒಂದು, ಪ್ರಮಾಣ. ಮೆಂತ್ಯದ ಬಗ್ಗೆ ನಮ್ಮ ದೇಶದ ಹೆಸರಾಂತ ಪ್ರಯೋಗ ನಡೆದದ್ದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. 1990ರಲ್ಲಿ ಪ್ರಕಟವಾಯಿತು. ಇನ್ಸುಲಿನ್ ಅವಲಂಬಿತ ರೋಗಿಗಳಿಗೆ ಹತ್ತು ದಿನ ಊಟದಲ್ಲಿ ಮೆಂತ್ಯ ಸೇರಿಸಿ ಕೊಟ್ಟರು. 24 ಗಂಟೆಗಳ ಮೂತ್ರದಲ್ಲಿ ಹೋಗುವ ಸಕ್ಕರೆ 54 ಶೇಕಡಾ ಕಡಿಮೆಯಾಯಿತು. ಜಗಲಿಯ ಮೇಲೆ ಅಪ್ಪನಿಗೆ ಹೇಳಿದ ಅಂಕಿ ಇದೇ. ಹೇಳದೆ ಬಿಟ್ಟದ್ದು ಇನ್ನೊಂದು ಅಂಕಿ: ದಿನಕ್ಕೆ ಕೊಟ್ಟ ಮೆಂತ್ಯ, ಎಣ್ಣೆ ತೆಗೆದ ಪುಡಿ, 100 ಗ್ರಾಂ. ಮಧ್ಯಾಹ್ನ 50, ರಾತ್ರಿ 50. ಒಂದು ಚಮಚ ಮೆಂತ್ಯ ನಾಲ್ಕೈದು ಗ್ರಾಂ. ಸಂತೆಯ ಪುಡಿಯಲ್ಲಿ ಮೆಂತ್ಯದ ಪಾಲು ಎಷ್ಟಿತ್ತೋ ಮಾರಿದವನೇ ಬಲ್ಲ. ಅಂಕಿಯ ಅರ್ಧ ಹೇಳಿದರೆ ಸುಳ್ಳಿಗಿಂತ ಹೆಚ್ಚು ಕೆಡುಕಾಗುತ್ತದೆ ಎಂದು ನಾನು ಕಲಿತದ್ದು ಅಪ್ಪನ ಪಾದ ನೋಡಿ.

ಎರಡು, ಸಮಯ ಮತ್ತು ಒಳಗಿರುವ ಜನ. ಚೀನಾದಲ್ಲಿ ಟೈಪ್ 2 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಬಗೆಬಗೆಯ ನಾರು ತುಂಬಿದ ಊಟ, ಇನ್ನೊಂದಕ್ಕೆ ಮಾಮೂಲಿ ಸಲಹೆಯ ಊಟ. 12 ವಾರದ ಕೊನೆಗೆ ನಾರಿನ ಗುಂಪಿನಲ್ಲಿ 100ಕ್ಕೆ 89 ಮಂದಿಯ ಎಚ್‌ಬಿಎ1ಸಿ 7ಕ್ಕಿಂತ ಕೆಳಗೆ ಬಂತು, ಇನ್ನೊಂದರಲ್ಲಿ 50. ನಾರು ತಿಂದು ಹೆಚ್ಚಿದ ಬ್ಯಾಕ್ಟೀರಿಯಾ ತಳಿಗಳು ಹದಿನೈದು. ಯಾರ ಕರುಳಿನಲ್ಲಿ ಅವು ಹೆಚ್ಚು ಬಗೆ ಬೆಳೆದವೋ ಅವರ ಸಕ್ಕರೆ ಹೆಚ್ಚು ಹತೋಟಿಗೆ ಬಂತು. ಈ ಅಧ್ಯಯನ ಹೇಳುವಾಗ ಬಿಡಬಾರದ ಮಾತೊಂದಿದೆ: ಎರಡೂ ಗುಂಪಿನವರು ಅಕಾರ್ಬೋಸ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಾತ್ರೆ ಬಿಡಿಸಿ ಮಾಡಿದ ಪ್ರಯೋಗ ಅಲ್ಲ ಅದು.

ಆ ಮಾತ್ರೆಯ ವಿಷಯವೇ ಸ್ವಾರಸ್ಯ. ಅಕಾರ್ಬೋಸ್, ನಮ್ಮಲ್ಲಿ ಹೆಚ್ಚು ಬರೆಯುವ ವೋಗ್ಲಿಬೋಸ್, ಇವು ಊಟದ ಮೊದಲ ತುತ್ತಿನ ಹೊತ್ತಿಗೆ ನುಂಗುವ ಮಾತ್ರೆಗಳು. ಪಿಷ್ಟದ ಸರ ಕತ್ತರಿಸುವ ನಮ್ಮ ಕಿಣ್ವದ ಬಾಯಿಗೆ ಬಟ್ಟೆ ತುರುಕುತ್ತವೆ. ಒಡೆಯದ ಪಿಷ್ಟ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನವರಿಗೆ ಹಬ್ಬ. ಹಬ್ಬದ ಹೊಗೆ ಎಂದರೆ ಗಾಳಿ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್. (ಮಕ್ಕಳು ನಗುತ್ತಿದ್ದಾರೆ. ನಗಲಿ, ಅವರೆಕಾಯಿ ಕಾಲದಲ್ಲಿ ಎಲ್ಲರ ಮನೆಯಲ್ಲೂ ಆಗುವುದೇ.) ಇದರಿಂದ ಪ್ರಾಣಕ್ಕೆ ಸಂಬಂಧಪಟ್ಟ ಒಂದು ಮಾತಿದೆ, ಬರೆದುಕೊಳ್ಳಿ. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಏಕಾಏಕಿ ಇಳಿದು ಬೆವರಿ ನಡುಗಿದರೆ, ಮನೆಯ ಸಕ್ಕರೆ, ಬೆಲ್ಲ ಕೊಟ್ಟರೆ ಬೇಗ ಏರುವುದಿಲ್ಲ. ಅದನ್ನು ಒಡೆಯುವ ಕಿಣ್ವದ ಬಾಯಿಯೂ ಕಟ್ಟಿರುತ್ತದೆ. ಅಂಥವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು.

ಮೂರನೆಯದು ಹೆಸರಿನ ಗೊಂದಲ. ಅಪ್ಪ ಕೊಂಡ ಪುಡಿಯ ಚೀಟಿಯಲ್ಲಿ "ಗಿಡಮೂಲಿಕೆಯ ಇನ್ಸುಲಿನ್ ಇದೆ" ಎಂದು ಅಚ್ಚಾಗಿತ್ತು. ಈರುಳ್ಳಿಯಂಥವುಗಳಲ್ಲಿರುವ ಫ್ರಕ್ಟಾನಿನ ಒಂದು ಬಗೆಗೆ ಇನ್ಯುಲಿನ್ ಎಂದು ಹೆಸರು. ಇನ್ಯುಲಾ ಎಂಬ ಗಿಡದಿಂದ ಬಂದ ಹೆಸರು ಅದು. ಇನ್ಸುಲಿನ್ ಹಾರ್ಮೋನು, ದ್ವೀಪ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಒಂದು ಅಕ್ಷರದ ಅಂತರ, ಸಂಬಂಧ ಏನೂ ಇಲ್ಲ. ಹಿತ್ತಲಲ್ಲಿ ಇನ್ಸುಲಿನ್ ಗಿಡ ಅಂತ ಬೆಳೆಸಿ ಎಲೆ ಅಗಿಯುವವರೂ ಇದ್ದೀರಿ. ನಿಜವಾದ ಇನ್ಸುಲಿನ್ ಪ್ರೋಟೀನು. ನುಂಗಿದರೆ ಬೇಳೆಯ ಹಾಗೆ ಜೀರ್ಣವಾಗಿ ಹೋಗುತ್ತದೆ. ಅದಕ್ಕೇ ಅದನ್ನು ಸೂಜಿಯಲ್ಲಿ ಕೊಡುವುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿ ದಾಟಿದ್ದಾರೆ. ಈ ಶಾಮಿಯಾನದ ಕೆಳಗೇ ಎಷ್ಟು ಜನ ಇದ್ದೀರೋ. ಊಟಕ್ಕೆ ಮೊದಲು ಜೇಬಿನಿಂದ ಮಾತ್ರೆ ತೆಗೆಯುವಾಗ ಗೊತ್ತಾಗುತ್ತದೆ.

ಅಪ್ಪನ ಕಥೆ ಅರ್ಧಕ್ಕೆ ಬಿಟ್ಟೆ. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಇನ್ಸುಲಿನ್ ಶುರುವಾಯಿತು, ಆಮೇಲೆ ಮಾತ್ರೆಗೆ ಬಂದರು. ಮೆಂತ್ಯ ಬಿಡಿಸಲಿಲ್ಲ. ವೈದ್ಯರಿಗೆ ಹೇಳಿಯೇ ದಿನಕ್ಕೆ ಎರಡು ಚಮಚ, ನೆನೆಹಾಕಿ, ಊಟದ ಜೊತೆ. ಲೋಳೆ ಮಾತ್ರೆಯ ಹೀರಿಕೆಯನ್ನೂ ತಡಮಾಡಬಹುದು ಎಂದು ಅವೆರಡರ ನಡುವೆ ಬಿಡುವು. ತಮ್ಮನ ಹೆಂಡತಿ ಒಂದು ನೋಟುಬುಕ್ಕಿನಲ್ಲಿ ಬೆಳಗಿನ ಸಕ್ಕರೆ ಬರೆದಿಡುತ್ತಿದ್ದಳು. ಒಂದು ವರ್ಷದಲ್ಲಿ ಎಚ್‌ಬಿಎ1ಸಿ 11ರಿಂದ ಏಳೂವರೆಗೆ ಇಳಿಯಿತು. ಇದರಲ್ಲಿ ಮಾತ್ರೆಯ ಪಾಲೆಷ್ಟು, ಮೆಂತ್ಯದ ಪಾಲೆಷ್ಟು, ಎರಡು ಮುದ್ದೆ ಒಂದಾದದ್ದರ ಪಾಲೆಷ್ಟು ಎಂದು ಬೇರೆ ಮಾಡಲು ನನ್ನಿಂದ ಆಗದು. ಅಪ್ಪನ ಪ್ರಕಾರ ಪೂರ್ತಿ ಮೆಂತ್ಯದ್ದೇ. ಆಮೇಲೂ ಹನ್ನೊಂದು ವರ್ಷ ಬದುಕಿದರು. ಬೆರಳಿಲ್ಲದ ಕಡೆ ಬಟ್ಟೆ ತುರುಕಿದ ಚಪ್ಪಲಿ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಬರಿಗಾಲಲ್ಲಿ ಒಂದು ದಿನವೂ ಹೋಗಲಿಲ್ಲ.

ಮುಖ್ಯೋಪಾಧ್ಯಾಯರು ಗಡಿಯಾರ ತೋರಿಸುತ್ತಿದ್ದಾರೆ. ಒಂಬತ್ತು, ಹತ್ತನೇ ತರಗತಿಯವರು ಊಟ ಆದ ಮೇಲೆ ಪ್ರಯೋಗಾಲಯಕ್ಕೆ ಬನ್ನಿ. ಅಯೋಡಿನ್ ಬಾಟಲಿ ತಂದಿದ್ದೇನೆ. ಈರುಳ್ಳಿ ನಮ್ಮ ಹೊಲದ್ದು, ಆಲೂಗೆಡ್ಡೆ ಅಡುಗೆಯವರ ಹತ್ತಿರ ಕೇಳಿ ಇಸ್ಕೊಂಡಿದ್ದೇನೆ, ತಂಗಳು ಮುದ್ದೆ ಒಂದು ಡಬ್ಬಿಯಲ್ಲಿದೆ. ಯಾವುದು ನೀಲಿಯಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ.